ಮಿಡತೆ ಬಿಟ್ಟುಕೊಟ್ಟ ಪದಕ

ಅವಳಿಗೆ ಮಿಡತೆ ಎಂದು ಹೆಸರಿಟ್ಟವಳು ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಮೂರನೆಯ ಮಹಡಿಯ ಆ ಇಕ್ಕಟ್ಟಿನ ಮನೆಗೆ ಬಂದ ಹೊಸತರಲ್ಲಿ, ನಾದಿನಿ ಮೆಟ್ಟಿಲಿಳಿಯುವ ರೀತಿ ನೋಡಿ, "ಇವಳು ಮನುಷ್ಯಳೋ ಮಿಡತೆಯೋ?" ಎಂದಳಂತೆ. ಹುಡುಗಿಗೆ ಆಗ ಹದಿಮೂರು ವರ್ಷ. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಅಣ್ಣ ಲಿಫ್ಟ್ ರಿಪೇರಿ ಮಾಡಿ ಮನೆ ನಡೆಸುತ್ತಿದ್ದ.

ಅತ್ತಿಗೆ ಶಾಲೆಯ ದಿನಗಳಲ್ಲಿ ಲಾಂಗ್ ಜಂಪ್ ಮಾಡುತ್ತಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟಿದ್ದಳು. "ಕಾಲು ಕೈಕೊಡೋದನ್ನ ನನ್ನಲ್ಲೇ ನೋಡ್ಬೇಕು" ಎಂದು ತಾನೇ ನಗುತ್ತಿದ್ದಳು. ನಗರಸಭೆಯ ಈಜುಕೊಳದ ಟಿಕೆಟ್ ಕೌಂಟರಿನಲ್ಲಿ ಅವಳಿಗೆ ಕೆಲಸ. ಕೊಳದ ಹಿಂದೆ ಒಂದು ಮೈದಾನವಿತ್ತು, ಅದರ ಮೂಲೆಯಲ್ಲಿ ಬೆಕ್ಕುಗಳ ಹೊರತು ಯಾರೂ ಬಳಸದ ಒಂದು ಮರಳಿನ ಗುಂಡಿ. ಸಂಜೆ ಕೌಂಟರ್ ಮುಚ್ಚಿದ ಮೇಲೆ ಅತ್ತಿಗೆ ಆ ಗುಂಡಿಯನ್ನು ಬಾಚಿ, ಕಲ್ಲು ಆರಿಸಿ, ಅದರ ಮುಂದೆ ಜಿಗಿಯಲು ಕಾಲೂರುವ ಹಲಗೆ ಹೂತು, ಮಿಡತೆಯನ್ನು ಹಾರಿಸತೊಡಗಿದಳು. ಗಂಟಲು ದೊಡ್ಡದು. ಅವಳು ಮೈದಾನದಲ್ಲಿ ಬೈದರೆ ಕೊಳದಲ್ಲಿ ಈಜುತ್ತಿದ್ದವರು ತಲೆ ಎತ್ತಿ ನೋಡುತ್ತಿದ್ದರು.

"ಹಲಗೆ ನೋಡ್ಬೇಡ! ಹಲಗೆ ಎಲ್ಲೂ ಓಡಿಹೋಗಲ್ಲ. ನೀನು ಓಡು!"

ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಮಿಡತೆ ದೊಡ್ಡವಳಾದಳು, ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು, ದೇಶದಲ್ಲಿ ಮೊದಲಿಗಳಾದಳು. ಮದುವೆಯ ಮಾತು ಬಂದಾಗಲೆಲ್ಲ "ಈ ಸೀಸನ್ ಮುಗೀಲಿ" ಎನ್ನುತ್ತಿದ್ದಳು. ಸೀಸನ್ನುಗಳು ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಲೇ ಇದ್ದವು. ಅಣ್ಣ ಮಾತ್ರ ಒಂದು ದಿನವೂ ಅವಳು ಹಾರುವುದನ್ನು ನೋಡಲು ಬಂದವನಲ್ಲ. "ಮೇಲಕ್ಕೆ ಹೋದದ್ದು ಧಪ್ ಅಂತ ಕೆಳಗೆ ಬೀಳದ ಹಾಗೆ ನೋಡ್ಕೊಳ್ಳೋದು ನನ್ನ ಕಸುಬು. ನಿಮ್ಮ ಆಟ ನೋಡಿದ್ರೆ ನನಗೆ ಹೊಟ್ಟೆ ತೊಳಸುತ್ತೆ" ಎನ್ನುತ್ತಿದ್ದ. ಅತ್ತಿಗೆ ನಾದಿನಿಯರಿಬ್ಬರೂ ಮನೆಗೆ ಬಂದು ಊಟದ ಮೇಜಿನ ಮೇಲೆ ಬೆರಳಲ್ಲೇ ಓಡಿ, ಉಪ್ಪಿನ ಡಬ್ಬಿಯ ಬಳಿ ಹಾರಿ, ತಟ್ಟೆಯ ಅಂಚಿನಲ್ಲಿ ಇಳಿದು ಅಂದಿನ ತಪ್ಪುಗಳನ್ನು ಚರ್ಚಿಸುವಾಗ ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಮಿಡತೆಗೆ ಮೂವತ್ತೆರಡಾದ ವರ್ಷ, ಅಂತರರಾಷ್ಟ್ರೀಯ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿಗೆ ಅವಳ ಆಯ್ಕೆಯಾಯಿತು. ಅತ್ತಿಗೆ ಈಜುಕೊಳದ ಕೌಂಟರಿನಲ್ಲಿ ಟಿಕೆಟ್ ಕೊಳ್ಳಲು ಬಂದವರಿಗೆಲ್ಲ ಆ ಸುದ್ದಿ ಹೇಳಿ ಆಮೇಲೆ ಚಿಲ್ಲರೆ ಕೊಟ್ಟಳು. ಅದಾಗಿ ಕೆಲವೇ ದಿನಗಳಿಗೆ, ಒಂದು ಬೆಳಿಗ್ಗೆ, ಅದೇ ಕೌಂಟರಿನಲ್ಲಿ ಮುಂದಕ್ಕೆ ಬಾಗಿದವಳು ಮತ್ತೆ ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತು.

ಅವಳನ್ನು ತಂದದ್ದು ಮಿಡತೆ ಕೆಲಸ ಮಾಡುವ ಆಸ್ಪತ್ರೆಗೇ. ಲಾಂಡ್ರಿಯಿಂದ ಕರೆಸಿಕೊಂಡಾಗ ಮಿಡತೆಯ ಕೈ ಇನ್ನೂ ಬಿಸಿಯಿತ್ತು. ಒದ್ದೆ ಬೆಡ್‌ಶೀಟುಗಳನ್ನು ಇಸ್ತ್ರಿಯ ರೋಲರಿಗೆ ಬಿಡುತ್ತಿದ್ದಳು. ಮೇಲೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ಮೆತ್ತಗೆ ಏನೇನೋ ವಿವರಿಸಿದರು. ಎಲ್ಲ ಕೇಳಿಸಿಕೊಂಡ ಮಿಡತೆ ಕೇಳಿದ್ದು ಒಂದೇ ಮಾತು.

"ಇನ್ನೊಂದು ಚಪ್ಪಲಿ ಎಲ್ಲಿ?"

ಅತ್ತಿಗೆಯ ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅಣ್ಣ ಬಂದು ಗೋಡೆಗೆ ಒರಗಿ ಕುಳಿತ ಮೇಲೆ, ಮಿಡತೆ ಬಸ್ಸು ಹತ್ತಿ ಈಜುಕೊಳಕ್ಕೆ ಹೋದಳು. ಚಪ್ಪಲಿ ಕೌಂಟರಿನ ಕುರ್ಚಿಯ ಕೆಳಗೇ ಇತ್ತು. ಕಿಟಕಿಯ ಆಚೆ ಟವೆಲ್ ಹೆಗಲಿಗೆ ಹಾಕಿಕೊಂಡವರ ಸಾಲು.

"ಟಿಕೆಟ್ ಕೊಡೋರು ಯಾರೂ ಇಲ್ವೇನ್ರಿ? ಎಷ್ಟು ಹೊತ್ತು ನಿಲ್ಲೋದು?" ಎಂದು ಒಬ್ಬಾತ ರೇಗಿದ.

ಮಿಡತೆ ಕುರ್ಚಿಯಲ್ಲಿ ಕುಳಿತು ಟಿಕೆಟ್ ಹರಿದು ಕೊಡತೊಡಗಿದಳು. ದೊಡ್ಡವರಿಗೆ ಹಳದಿ, ಮಕ್ಕಳಿಗೆ ನೀಲಿ. ಮ್ಯಾನೇಜರು ಎಲ್ಲಿಂದಲೋ ಓಡಿಬಂದು ಅವಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಏಳಮ್ಮಾ, ಏಳು, ನಾನು ನೋಡ್ಕೋತೀನಿ" ಎಂದರು. ಅವಳು "ನೀಲಿ ಮುಗೀತಾ ಬಂದಿದೆ" ಎಂದು ಹೇಳಿ ಚಪ್ಪಲಿ ತೆಗೆದುಕೊಂಡು ಹೊರಟಳು.

ಆ ದಿನ ಅಳಲಿಲ್ಲ, ಮರುದಿನವೂ ಇಲ್ಲ. ನೆಂಟರು, ನೆರೆಹೊರೆಯವರು ಬಂದು ಅವಳ ಮುಖ ನೋಡಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಲಾಂಡ್ರಿಯಲ್ಲಿ ರೋಲರಿನ ಆ ಬದಿಗೆ ನಿಲ್ಲುತ್ತಿದ್ದ ಹಿರಿಯ ಹೆಂಗಸು, "ಅತ್ತುಬಿಡೇ, ಹಗುರಾಗುತ್ತೆ" ಎಂದಳು. "ಬರ್ತಾ ಇಲ್ಲಮ್ಮ" ಎಂದಳು ಮಿಡತೆ, ಅಂಗಡಿಯಲ್ಲಿ ಸಾಮಾನು ಬಂದಿಲ್ಲ ಎನ್ನುವ ಧಾಟಿಯಲ್ಲಿ. ಊಟಕ್ಕೆ ರುಚಿ ಇರಲಿಲ್ಲ, ನಿದ್ದೆ ಮಾತ್ರ ಕಲ್ಲಿನಂತೆ ಬರುತ್ತಿತ್ತು. ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಮೇಜಿನ ಎರಡು ತುದಿಗೆ ಕುಳಿತು ಉಂಡು, ತಟ್ಟೆ ತೊಳೆದಿಟ್ಟು, ದೀಪ ಆರಿಸುತ್ತಿದ್ದರು. ಅತ್ತಿಗೆಯ ಹೆಸರು ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವನು ಕುಸಿಯುತ್ತಾನೆಂದು ಅವಳು ಸುಮ್ಮನಿದ್ದಳು, ಅವಳು ಕುಸಿಯುತ್ತಾಳೆಂದು ಅವನು.

ಚಾಂಪಿಯನ್‌ಷಿಪ್ಪಿಗೆ ಹೋಗುವುದಿಲ್ಲ ಎನ್ನುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಹೋಗುವುದಿಲ್ಲ ಎನ್ನಲೂ ಒಂದು ಮನಸ್ಸು ಬೇಕಲ್ಲ. ಅವಳು ಪ್ರತಿ ಸಂಜೆ ಮೈದಾನಕ್ಕೆ ಹೋದಳು, ಗುಂಡಿ ಬಾಚಿದಳು, ಹಾರಿದಳು. ಫೆಡರೇಷನ್ನಿನವರು ಒಬ್ಬ ಎಳೆಯ ಕೋಚನ್ನು ಕಳಿಸಿಕೊಟ್ಟರು. ಮಿಡತೆಗಿಂತ ಆರು ವರ್ಷ ಚಿಕ್ಕವನು. ಒಳ್ಳೆಯವನೇ, ಆದರೆ ಬಾಯಿ ಬಿಟ್ಟರೆ ಕಂಪ್ಯೂಟರು. "ಅಕ್ಕಾ, ನಿಮ್ಮ ಕೊನೇ ಎರಡು ಹೆಜ್ಜೆ ವೇಗ ಅದ್ಭುತವಾಗಿದೆ" ಎನ್ನುತ್ತಿದ್ದ. "ಹೌದಾ" ಎನ್ನುತ್ತಿದ್ದಳು. ನಿಜಕ್ಕೂ ಅವಳು ಹಿಂದೆಂದಿಗಿಂತ ಚೆನ್ನಾಗಿ ಹಾರುತ್ತಿದ್ದಳು. ಹೆದರಿಕೆಯೂ ಆಸೆಯೂ ಇಲ್ಲದ ಮೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ಹೊರಡುವ ಹಿಂದಿನ ವಾರ ಅಣ್ಣ, ತಟ್ಟೆ ನೋಡುತ್ತಲೇ, "ನಾನೂ ಬರ್ತೀನಿ" ಎಂದ.

"ಎಲ್ಲಿಗೆ?"

"ನಿನ್ನ ಜೊತೆ. ರಜೆ ಹಾಕಿದೀನಿ."

"ಹೊಟ್ಟೆ ತೊಳಸಲ್ವಾ?"

"ತೊಳಸ್ಲಿ ಬಿಡು. ಯಾರಾದ್ರೂ ಒಬ್ಬರು ಅಲ್ಲಿ ಕೂತ್ಕೋಬೇಕಲ್ಲ."

ಸ್ಪರ್ಧೆ ನಡೆದದ್ದು ಪರದೇಶದ ಒಂದು ದೊಡ್ಡ ಸಭಾಂಗಣದಲ್ಲಿ. ಹೊರಗೆ ಕೊರೆಯುವ ಚಳಿ, ಒಳಗೆ ಹಗಲೋ ಇರುಳೋ ತಿಳಿಯದಂಥ ಬಿಳಿ ಬೆಳಕು. ನಡುವೆ ಉದ್ದಕ್ಕೆ ಹಾಸಿದ ಓಟದ ಪಟ್ಟಿ, ಅದರ ತುದಿಯಲ್ಲಿ ಬಿಳಿ ಹಲಗೆ, ಆಚೆ ಒದ್ದೆ ಮಾಡಿ ಮಟ್ಟಸ ಮಾಡಿದ ಮರಳು. ಹಲಗೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತೀರ್ಪುಗಾರ. ಕೈಯಲ್ಲಿ ಬಿಳಿ, ಕೆಂಪು ಎರಡು ಬಾವುಟ. ಜಿಗಿಯುವವಳ ಕಾಲು ಹಲಗೆಯ ಅಂಚು ದಾಟಿದರೆ ಕೆಂಪು, ಜಿಗಿತ ಲೆಕ್ಕಕ್ಕಿಲ್ಲ. ಎಳೆಯ ಕೋಚು ಹೇಗೋ ಮಾಡಿ ಅಣ್ಣನಿಗೆ ಕೋಚುಗಳ ಸಾಲಿನಲ್ಲೇ ಜಾಗ ಕೊಡಿಸಿದ್ದ. ಅಣ್ಣ ಮದುವೆಮನೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕುಳಿತಿದ್ದ.

ಮೊದಲ ಜಿಗಿತ ಕೆಂಪಾಯಿತು. ಮಿಡತೆ ಮರಳು ಕೊಡವಿಕೊಂಡು ರೂಢಿಯಂತೆ ಕೋಚುಗಳ ಸಾಲಿನ ಕಡೆ ನಡೆದಳು. ಅಲ್ಲಿ ಅಣ್ಣ ಇದ್ದ.

"ಏನು ನೋಡ್ದೆ?" ಎಂದಳು. ಹತ್ತೊಂಬತ್ತು ವರ್ಷ ಅತ್ತಿಗೆಗೆ ಕೇಳಿದ ಪ್ರಶ್ನೆ, ಬಾಯಿಂದ ತಾನಾಗಿ ಬಂತು.

ಅಣ್ಣ ತಡವರಿಸಿದ. "ಓಡಿದೆ. ಹಾರಿದೆ. ಬಿದ್ದೆ. ಪೆಟ್ಟಾಯ್ತಾ?"

ಪಕ್ಕದಲ್ಲಿದ್ದ ಎಳೆಯ ಕೋಚು ಹುಬ್ಬು ಗಂಟಿಕ್ಕಿ ಬೇರೆ ಕಡೆ ನೋಡಿದ. ಮಿಡತೆ, "ಇಲ್ಲ" ಎಂದು ಹೇಳಿ ಹಿಂದಿರುಗಿದಳು. ಎರಡನೆಯದರಲ್ಲಿ ಎಚ್ಚರಿಕೆಯಿಂದ ಹಲಗೆಗಿಂತ ಸಾಕಷ್ಟು ಹಿಂದೆಯೇ ಎಗರಿದಳು. ಮೂರನೆಯದು ಚೆನ್ನಾಗಿ ಬಿತ್ತು. ಮೂರು ಜಿಗಿತದ ನಂತರ ಎಂಟು ಮಂದಿ ಮಾತ್ರ ಉಳಿಯುತ್ತಾರೆ, ಅವಳು ಉಳಿದಳು.

ಐದನೆಯ ಸುತ್ತಿನಲ್ಲಿ ಅವಳು ಹಾರಿದ್ದು ಅವಳ ಬದುಕಿನ ಅತಿ ಉದ್ದದ ಜಿಗಿತ. ಓಟ, ಹಲಗೆ, ಗಾಳಿ ಎಲ್ಲ ಒಂದೇ ಉಸಿರಿನಲ್ಲಿ ಆಗಿಹೋಯಿತು. ಮರಳಿನಲ್ಲಿ ಕುಳಿತಿದ್ದವಳಿಗೆ ಜನರ ಹೋ ಎಂಬ ಸದ್ದು ಗೋಡೆಯಾಚೆಯ ಮನೆಯಲ್ಲಿ ಟಿವಿ ಹಾಕಿದಂತೆ ಕೇಳಿಸಿತು. ದೊಡ್ಡ ಪರದೆಯಲ್ಲಿ ಅವಳ ಹೆಸರು ಮೂರನೆಯ ಸಾಲಿಗೆ ಏರಿತು. ಎಳೆಯ ಕೋಚು ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ಅಣ್ಣ ಎದ್ದು ನಿಂತಿದ್ದ, ಚಪ್ಪಾಳೆ ತಟ್ಟಬೇಕೋ ಬಾರದೋ ತಿಳಿಯದೆ. ಮಿಡತೆ ಕಾಯ್ದಳು. ಏನಾದರೂ ಬರಬಹುದು ಎಂದು ತನ್ನೊಳಗೆ ಕಿವಿಗೊಟ್ಟು ಕಾಯ್ದಳು. ಏನೂ ಬರಲಿಲ್ಲ. ಬೂಟಿನೊಳಗೆ ಮರಳು ಹೊಕ್ಕಿತ್ತು. ಬೂಟು ಬಿಚ್ಚಿ ಕೊಡವಿದಳು.

ಕೊನೆಯ ಸುತ್ತಿನಲ್ಲಿ ಮಿಡತೆಯ ಜಿಗಿತ ಸಾಧಾರಣವಾಯಿತು. ಅವಳ ನಂತರ ಹಾರಲು ನಿಂತವಳು ಪರದೇಶದ ಒಬ್ಬ ಚಿಕ್ಕ ಹುಡುಗಿ. ಕೆಂಪು ರಿಬ್ಬನ್ನಿನ ಜಡೆ, ನಾಲ್ಕನೆಯ ಸ್ಥಾನ. ಓಡಿ ಬಂದಳು, ಹಾರಿದಳು. ಬಿಳಿ ಬಾವುಟ ಮೇಲೆದ್ದಿತು. ಅಳತೆ ಬಂತು: ಮಿಡತೆಗಿಂತ ಒಂದು ಬೆರಳಗಲ ಹೆಚ್ಚು. ಹುಡುಗಿ ಮರಳಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಪರದೆಯಲ್ಲಿ ಮಿಡತೆಯ ಹೆಸರು ಒಂದು ಸಾಲು ಕೆಳಗಿಳಿಯಿತು.

ಎಳೆಯ ಕೋಚು ಬೇಲಿ ಹಾರಿಕೊಂಡು ಬರುವುದೊಂದು ಬಾಕಿ. ಅವನ ಫೋನಿನಲ್ಲಿ ಆಗಲೇ ತೆಗೆದ ವಿಡಿಯೊ ಇತ್ತು. ಹುಡುಗಿಯ ಕಾಲು ಹಲಗೆ ಮುಟ್ಟಿದ ಆ ಗಳಿಗೆಯಲ್ಲಿ ಅದನ್ನು ನಿಲ್ಲಿಸಿ, ಹಿಗ್ಗಿಸಿ ತೋರಿಸಿದ.

"ಅಕ್ಕಾ, ನೋಡಿ. ಬೂಟಿನ ತುದಿ ನೋಡಿ. ದಾಟಿದೆ ತಾನೇ?"

ಮಿಡತೆ ಬಗ್ಗಿ ನೋಡಿದಳು. "ಹೌದು. ದಾಟಿದೆ."

"ತೀರ್ಪುಗಾರರ ಕಣ್ಣು ತಪ್ಪಿದೆ. ನಾವು ಈಗಲೇ ತಕರಾರು ಹಾಕಿದ್ರೆ ಮತ್ತೆ ಪರೀಕ್ಷೆ ಮಾಡ್ತಾರೆ. ಪದಕ ನಿಮ್ದೇ. ನೀವು ಹೂಂ ಅನ್ನಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಿಡತೆ ಗುಂಡಿಯ ಕಡೆ ನೋಡಿದಳು. ಆ ಹುಡುಗಿ ತನ್ನ ಕೋಚಿನ ಕೊರಳಿಗೆ ಜೋತುಬಿದ್ದು ಬಿಕ್ಕುತ್ತಿದ್ದಳು. ಅಷ್ಟು ಅಳು ಆ ಸಣ್ಣ ಮೈಯಲ್ಲಿ ಎಲ್ಲಿತ್ತು ಎಂದು ಮಿಡತೆಗೆ ಸೋಜಿಗವಾಯಿತು, ಅಷ್ಟೇ.

"ಬಿಡಿ" ಎಂದಳು.

"ಬಿಡೋದಾ? ಅಕ್ಕಾ, ಕೈಗೆ ಬಂದ ತುತ್ತು ಇದು!"

"ಹೋಗ್ಲಿ ಬಿಡಿ. ನನಗೆ ಕಾಲು ನೋಯ್ತಾ ಇದೆ. ರೂಮಿಗೆ ಹೋಗೋಣ."

ಕೋಚು ಅಣ್ಣನತ್ತ ತಿರುಗಿದ. "ನೀವಾದ್ರೂ ಹೇಳಿ ಸಾರ್."

ಅಣ್ಣ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದ. ಹೇಳುವುದಕ್ಕೆ ಏನೋ ಇದ್ದಂತಿತ್ತು. "ಅವಳು ಹೇಳಿದ ಹಾಗೆ" ಎಂದ ಕೊನೆಗೆ.

ವಿಷಯ ಹೇಗೋ ಬಯಲಾಯಿತು. ಕೋಚು ತಡೆಯಲಾರದೆ ಯಾರ ಬಳಿಯೋ ಹೇಳಿದ್ದ. ಮರುದಿನ ಪತ್ರಿಕೆಗಳಲ್ಲಿ ಕಂಚು ಗೆದ್ದವಳಿಗಿಂತ ಮಿಡತೆಯ ಫೋಟೊವೇ ದೊಡ್ಡದಾಗಿತ್ತು. ಅಳುವ ಎಳೆಯಳನ್ನು ಕಂಡು ಪದಕ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನ ಹೆಣ್ಣು. ಹೋಟೆಲಿನ ಊಟದ ಹಾಲಿನಲ್ಲಿ ಆ ಕೆಂಪು ರಿಬ್ಬನ್ನಿನ ಹುಡುಗಿ ಹುಡುಕಿಕೊಂಡು ಬಂದು, ಗೊತ್ತಿಲ್ಲದ ಭಾಷೆಯಲ್ಲಿ ಏನೇನೋ ಹೇಳುತ್ತ ಮಿಡತೆಯನ್ನು ಅಪ್ಪಿಕೊಂಡಳು. ಮಿಡತೆ ಕಂಬದ ಹಾಗೆ ನಿಂತಿದ್ದು, ಅವಳ ಬೆನ್ನ ಮೇಲೆ ಒಂದು ಕೈ ಇಟ್ಟಳು. ಇನ್ನೊಂದು ಕೈಯಲ್ಲಿ ಬ್ರೆಡ್ಡಿನ ತಟ್ಟೆ ಇತ್ತು.

ಊರಿಗೆ ಬಂದ ಮೇಲೆ ಹೊಗಳಿಕೆಯೋ ಹೊಗಳಿಕೆ. ಆಸ್ಪತ್ರೆಯಲ್ಲಿ ಹಾರ ಹಾಕಿದರು. ಯಾವತ್ತೂ ನೆಲಮಾಳಿಗೆಗೆ ಇಳಿಯದ ದೊಡ್ಡ ಡಾಕ್ಟರು ಲಾಂಡ್ರಿಗೆ ಬಂದು ಕೈ ಕುಲುಕಿದರು. ಒಂದು ಶಾಲೆಯವರು ಕ್ರೀಡಾ ಮನೋಭಾವದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಮಿಡತೆ ಹೋದಳು. ಮುಖ್ಯೋಪಾಧ್ಯಾಯಿನಿ ಅವಳನ್ನು ತ್ಯಾಗಮೂರ್ತಿ ಎಂದು ಪರಿಚಯಿಸಿ ಮೈಕು ಕೊಟ್ಟರು.

"ನಾನು ತ್ಯಾಗ ಮಾಡ್ಲಿಲ್ಲ" ಎಂದಳು ಮಿಡತೆ. "ತ್ಯಾಗ ಮಾಡೋಕೆ ಅದು ಬೇಕು ಅಂತ ಅನ್ನಿಸ್ಬೇಕು. ನನಗೆ ಅವತ್ತು ಏನೂ ಬೇಕು ಅನ್ನಿಸ್ಲಿಲ್ಲ. ಆ ಹುಡುಗಿ ಮೇಲೆ ಕನಿಕರವೂ ಬರ್ಲಿಲ್ಲ. ಕಾಲು ನೋಯ್ತಿತ್ತು, ಅಷ್ಟೇ."

ಮಕ್ಕಳು ಮುಖಮುಖ ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿ ಮೈಕು ಇಸಿದುಕೊಂಡು, "ನೋಡಿ ಮಕ್ಕಳೇ, ಎಂಥ ವಿನಯ!" ಎಂದು ಚಪ್ಪಾಳೆ ಹೊಡೆಸಿದರು. ನಿಜ ಹೇಳಿದರೆ ಅದಕ್ಕೂ ಒಂದು ಹಾರ. ಅಂದಿನಿಂದ ಮಿಡತೆ ಯಾರಿಗೂ ಏನನ್ನೂ ಬಿಡಿಸಿ ಹೇಳಲು ಹೋಗಲಿಲ್ಲ.

ಬೇಸಿಗೆ ಬಂತು, ಹೋಯಿತು. ಅವಳು ಮೈದಾನಕ್ಕೆ ಹೋಗುವುದನ್ನು ಬಿಟ್ಟಿದ್ದಳು. ನಿರ್ಧಾರ ಮಾಡಿ ಬಿಟ್ಟದ್ದಲ್ಲ. ಒಂದು ಸಂಜೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಕೆಲಸ, ಬಸ್ಸು, ಅಡುಗೆ, ನಿದ್ದೆ. ಯಾರು ಏನು ಕೇಳಿದರೂ "ಹೋಗ್ಲಿ ಬಿಡಿ" ಎನ್ನುವುದು ಅವಳ ಬಾಯಿಗೆ ಅಂಟಿಕೊಂಡಿತ್ತು. ರಜೆಯ ಸರದಿ ಬೇರೆಯವರು ಕಸಿದುಕೊಂಡರೆ ಹೋಗ್ಲಿ ಬಿಡಿ. ಮೇಲಿನ ಮನೆಯವರ ನೀರು ಗೋಡೆಯಲ್ಲಿ ಇಳಿದರೆ ಹೋಗ್ಲಿ ಬಿಡಿ. ಜನ ಅದನ್ನೂ ದೊಡ್ಡತನವೆಂದೇ ಎಣಿಸಿದರು.

ಹೀಗಿರುವಾಗ ಮತ್ತೆ ಚಳಿ ಶುರುವಾಗುವ ಹೊತ್ತಿಗೆ, ಒಂದು ಸಂಜೆ ಅವಳು ಕೆಲಸ ಮುಗಿಸಿ ಬಸ್ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಿದ್ದಳು. ಉದ್ದ ಸಾಲು. ಬಸ್ಸು ಬರುವ ಹೊತ್ತಿಗೆ ದಪ್ಪ ಕೋಟು ಹಾಕಿದ್ದ ಒಬ್ಬ ಗೃಹಸ್ಥ ಪಕ್ಕದಿಂದ ಬಂದು, ಅವಳ ಮುಂದೆ ಒಂದು ಕಾಲಿಟ್ಟು, ಮೈಯನ್ನೂ ತೂರಿಸಿದ. ತಿರುಗಿ ಅವಳ ಗುರುತು ಹಿಡಿದು ಹಲ್ಲುಕಿರಿದ.

"ಓಹೋ, ನೀವಾ! ನೀವಾದ್ರೆ ಬಿಟ್ಟುಕೊಡ್ತೀರಿ ಬಿಡಿ, ದೊಡ್ಡ ಮನಸ್ಸು."

ಆಗ ಆದದ್ದನ್ನು ಮಿಡತೆ ಆಮೇಲೆ ಎಷ್ಟು ಸಲ ಯೋಚಿಸಿದರೂ, ಯಾಕೆ ಆಗಲೇ, ಯಾಕೆ ಅವನ ಮೇಲೆ ಎಂದು ತಿಳಿಯಲಿಲ್ಲ. ಹೊಟ್ಟೆಯ ತಳದಿಂದ ಏನೋ ಬಿಸಿಯಾಗಿ ಎದ್ದಿತು. ಎದೆ, ಗಂಟಲು, ಕಿವಿ ಎಲ್ಲ ಸುಟ್ಟಿತು.

"ಹಿಂದೆ ಹೋಗ್ರೀ!" ಎಂದು ಕಿರುಚಿದಳು. ಅತ್ತಿಗೆಯ ಗಂಟಲಿಗೆ ಏನೂ ಕಡಿಮೆಯಿರಲಿಲ್ಲ. "ಯಾರ ಜಾಗ ಇದು? ನಿಮ್ಮಪ್ಪಂದಾ? ನಾನು ಯಾಕೆ ಬಿಟ್ಟುಕೊಡ್ಲಿ? ನಾನು ಯಾವಾಗ ಏನು ಬಿಟ್ಟುಕೊಟ್ಟೆ? ನನ್ನ ಜಾಗ ಇದು! ನಂದು!"

ಗೃಹಸ್ಥ ಬೆಚ್ಚಿ ಹಿಂದೆ ಸರಿದ. ಸಾಲಿಗೆ ಸಾಲೇ ತಿರುಗಿ ನೋಡಿತು. ಬಾಗಿಲು ತೆರೆದು ನಿಂತ ಬಸ್ಸನ್ನು ಅವಳು ಹತ್ತಲೇ ಇಲ್ಲ. ನಡೆದೇ ಹೊರಟಳು. ನಡೆಯುತ್ತ ನಡೆಯುತ್ತ ಓಡತೊಡಗಿದಳು. ಕೈಚೀಲ ಸೊಂಟಕ್ಕೆ ಬಡಿಯುತ್ತಿತ್ತು. ಮೂರು ಮಹಡಿ ಎರಡೆರಡು ಮೆಟ್ಟಿಲು ಹಾರಿ ಹತ್ತಿ ಬಾಗಿಲು ದೂಡಿದಾಗ ಅಣ್ಣ ಮೇಜಿನ ಮೇಲೆ ಯಾವುದೋ ಲಿಫ್ಟಿನ ಬಟನ್ನುಗಳನ್ನು ಹರಡಿಕೊಂಡು ಒರೆಸುತ್ತ ಕುಳಿತಿದ್ದ.

"ಅಣ್ಣಾ, ಆ ಪದಕ ನಂದು!"

ಅಣ್ಣ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. "ಗೊತ್ತು."

"ಅವಳ ಕಾಲು ದಾಟಿತ್ತು! ನಾನು ನೋಡ್ದೆ. ನೀನೂ ನೋಡ್ದೆ. ನಂದು ಅದು. ಹತ್ತೊಂಬತ್ತು ವರ್ಷ ಆ ಗುಂಡೀಲಿ ಬಿದ್ದೆದ್ದು ಹಾರಿದ್ದು ನಾನು. ನಾನು, ಅತ್ತಿಗೆ..."

ಆ ಶಬ್ದ ಬಾಯಿಂದ ಬಿದ್ದದ್ದೇ ತಡ, ಮಿಡತೆ ನೆಲದ ಮೇಲೆ ಕುಸಿದು ಕುಳಿತಳು. ಅಳು ಬಂತು. ಒಂದು ವರ್ಷದ ಅಳು, ನಾಚಿಕೆ ಬಿಟ್ಟು, ಸದ್ದು ಮಾಡಿಕೊಂಡು, ಮೂಗು ಸೋರಿಸಿಕೊಂಡು ಬಂತು. ಕೆಳಗಿನ ಮನೆಯವರು ಬಾಗಿಲು ತೆರೆದ ಸದ್ದು ಕೇಳಿಸಿತು. ಅಣ್ಣ ಎದ್ದು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೇ ಕುಳಿತ. ಏನು ಮಾಡಬೇಕೆಂದು ತೋಚದೆ ಅವಳ ಬೂಟಿನ ಲೇಸು ಬಿಚ್ಚತೊಡಗಿದ. ಬಿಚ್ಚುತ್ತ ಬಿಚ್ಚುತ್ತ ಅವನ ಕೈ ನಿಂತಿತು, ಹೆಗಲು ಅಲುಗತೊಡಗಿತು.

ಬಹಳ ಹೊತ್ತಿನ ಮೇಲೆ ಮಿಡತೆ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು ಕೇಳಿದಳು: "ಅವತ್ತು ಯಾಕೆ ಹೇಳ್ಲಿಲ್ಲ ನೀನು? ಕೋಚು ಕೇಳ್ದಾಗ?"

"ಹೇಳೋಣ ಅಂತ ಬಾಯಿ ತೆರೆದೆ. ನಿನ್ನ ಮುಖ ನೋಡ್ದೆ. ಅಲ್ಲಿ ಯಾರೂ ಇರ್ಲಿಲ್ಲ." ಅಣ್ಣ ಉಸಿರೆಳೆದುಕೊಂಡ. "ನನ್ನ ಮುಖದಲ್ಲೂ ಇರ್ಲಿಲ್ವೇನೋ."

"ಅತ್ತಿಗೆ ಇದ್ದಿದ್ರೆ?"

ಅಣ್ಣ ಯೋಚಿಸಿದ. "ಅವಳಾ? ಆ ಬಾವುಟ ಹಿಡಿದೋನ ಕೈಯಿಂದ ಬಾವುಟ ಕಿತ್ಕೊಂಡು ಅವನಿಗೇ ಹೊಡೀತಿದ್ಲು."

ಮಿಡತೆಗೆ ನಗು ಬಂತು. ಅಳುವಿನ ನಡುವೆಯೇ ಬಂದುಬಿಟ್ಟಿತು, ಬಿಕ್ಕಳಿಕೆಯ ಹಾಗೆ. ಅಣ್ಣನೂ ನಕ್ಕ. ಆಮೇಲೆ ಅವನು, ಸತ್ತ ಹೆಂಡತಿಯ ಬಗ್ಗೆ ಮೊದಲ ಬಾರಿಗೆ, ಮಾತಾಡತೊಡಗಿದ: ಮದುವೆಗೆ ಮುಂಚೆ ಅವಳನ್ನು ಕಂಡದ್ದು ಕೆಟ್ಟು ನಿಂತ ಒಂದು ಲಿಫ್ಟಿನೊಳಗೆ ಎಂದು, ಹೊರಗೆ ತೆಗೆಯುವವರೆಗೂ ಅವಳು ಅವನನ್ನೇ ಬೈಯುತ್ತಿದ್ದಳು ಎಂದು. ಮಿಡತೆಗೆ ಈ ಕತೆ ಗೊತ್ತೇ ಇರಲಿಲ್ಲ.

ಪದಕ ಬರಲಿಲ್ಲ, ಬರುವ ಕಾಲವೂ ಮೀರಿತ್ತು. ಮಿಡತೆ ಇನ್ನೊಂದು ಸೀಸನ್ ಹಾರಿದಳು, ಹಳೆಯ ಅಳತೆಯ ಹತ್ತಿರಕ್ಕೂ ಹೋಗಲಿಲ್ಲ. ಹೆದರಿಕೆ ತಿರುಗಿ ಬಂದಿತ್ತು, ಆಸೆಯೂ. ಎರಡನ್ನೂ ಹೊತ್ತುಕೊಂಡು ಓಡುವುದು ಭಾರವಾಗಿತ್ತು. ಪ್ರತಿ ಕೆಂಪು ಬಾವುಟಕ್ಕೂ ಬೈದಳು, ಒಂದೆರಡು ಕಡೆ ಜಗಳವನ್ನೂ ಆಡಿದಳು. ದೊಡ್ಡ ಮನಸ್ಸಿನವಳೆಂಬ ಹೆಸರು ಮೆಲ್ಲಗೆ ಕರಗಿತು. ಈಗ ಲಾಂಡ್ರಿಯಲ್ಲಿ ಅವಳ ರಜೆಯ ಸರದಿಗೆ ಕೈಹಾಕಲು ಯಾರಿಗೂ ಧೈರ್ಯವಿಲ್ಲ.

ಅಣ್ಣ ಆ ಸೀಸನ್ನಿನ ಎಲ್ಲ ಸ್ಪರ್ಧೆಗೂ ಬಂದ. ಇಂದಿಗೂ ಅವನಿಗೆ ಲಾಂಗ್ ಜಂಪ್ ಅರ್ಥವಾಗುವುದಿಲ್ಲ. ಅವಳು ಗಾಳಿಗೆ ಏಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ಮರಳಿನ ಸದ್ದು ಕೇಳಿದ ಮೇಲೆ ಪಕ್ಕದವರನ್ನು "ಹೇಗೆ ಬಿತ್ತು?" ಎಂದು ಕೇಳುತ್ತಿದ್ದ.